ಬಟನ್ ಎಲ್ಲಿರ್ಬೇಕು ಅಂತ ನಮ್ಮ ಕೈ ಹೇಳ್ಲಿ: ಬೆಂಗಳೂರಲ್ಲಿ ಗೇಮ್ ಮಾಡೋರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಲ್ಲಿ ಮೊಬೈಲ್ ಗೇಮ್, ಪಿಸಿ ಗೇಮ್ ಮಾಡ್ತಿರೋ ಎಲ್ರಿಗೂ, ದೊಡ್ಡ ಸ್ಟುಡಿಯೋದವ್ರಿಗೂ, ಇಬ್ರು ಮೂವರು ಸೇರ್ಕೊಂಡು ರೂಮಲ್ಲೇ ಕೂತು ಮಾಡ್ತಿರೋ ಹುಡುಗ್ರು ಹುಡುಗೀರಿಗೂ, ಹಾಗೇ ರಾಜ್ಯ ಸರ್ಕಾರದಲ್ಲಿ ಗೇಮಿಂಗ್ ಪಾಲಿಸಿ ನೋಡ್ಕೊಳ್ಳೋ ಐಟಿ-ಬಿಟಿ ಇಲಾಖೆಯವ್ರಿಗೂ ನಮಸ್ಕಾರ.

ನಾನು ತೀರ್ಥಹಳ್ಳಿ ಕಡೆಯವ್ನು. ಈಗ ಬೆಂಗಳೂರಲ್ಲಿ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೋತೀನಿ, ವಯಸ್ಸು 26. ಕೈ ಬೆರಳು ಸರಿಯಾಗಿ ಆಡದೆ ಇರೋ ನಮ್ಮಂಥೋರೂ ಆಡೋ ಹಾಗೆ ಗೇಮಲ್ಲಿ ಬಟನ್ ಬದಲಾಯಿಸೋ ಆಯ್ಕೆ ಇಡಿ ಅಂತ ಕೇಳೋಕೆ ಬರೀತಿದೀನಿ. ಈ ಪತ್ರದಲ್ಲಿ ಅರ್ಧ ಎಡಗೈಲಿ ಟೈಪ್ ಮಾಡಿದ್ದು, ಇನ್ನರ್ಧ ಫೋನಿಗೆ ಬಾಯಲ್ಲಿ ಹೇಳಿ ಬರೆಸಿದ್ದು, ಅದಕ್ಕೆ ಕೆಲವು ಕಡೆ ವಾಕ್ಯ ಉದ್ದ ಆಗಿದ್ರೆ ಸ್ವಲ್ಪ ಸಹಿಸ್ಕೊಂಡು ಓದಿ.

ನನ್ನ ಬಲಗೈಗೆ ಹಿರಯಾಮ ಅನ್ನೋ ಕಾಯಿಲೆ. ಜಪಾನಿನ ಡಾಕ್ಟರ್ ಹಿರಯಾಮ ಅನ್ನೋರು 1959ರಲ್ಲಿ ಮೊದಲು ಬರೆದಿದ್ದು. ಆದ್ರೆ ಇದು ದೂರದ ಕಾಯಿಲೆ ಅಂತ ಅನ್ಕೋಬೇಡಿ, ನಮ್ಮ ನಿಮ್ಹಾನ್ಸ್ ಡಾಕ್ಟರುಗಳೇ 1984ರಲ್ಲಿ ಇಲ್ಲಿನ ಪೇಷೆಂಟ್‌ಗಳನ್ನ ನೋಡಿ ಒಂದೇ ಕೈಯೋ ಕಾಲೋ ಸಣ್ಣ ಆಗ್ತಾ ಹೋಗೋ ಈ ತರದ ಕಾಯಿಲೆಗೆ ಮೊನೊಮೆಲಿಕ್ ಅಮಯೋಟ್ರೋಫಿ ಅಂತ ಹೆಸರಿಟ್ಟು ಬರೆದಿದ್ದಾರೆ. ಬರೋದು ಜಾಸ್ತಿ ಹುಡುಗ್ರಿಗೆ, ಹದಿನೈದರಿಂದ ಇಪ್ಪತ್ತೈದರ ಒಳಗೆ, ಅಂದ್ರೆ ಸರಿಯಾಗಿ ನಿಮ್ಮ ಗೇಮ್ ಆಡೋ ವಯಸ್ಸಲ್ಲಿ. ಕತ್ತು ಮುಂದಕ್ಕೆ ಬಗ್ಗಿಸಿದಾಗ ಬೆನ್ನುಹುರಿ ಸುತ್ತ ಇರೋ ಪೊರೆ ಮುಂದೆ ಸರಿದು ಹುರಿನ ಒತ್ತುತ್ತೆ, ಹಾಗೆ ಒತ್ತಿ ಒತ್ತಿ ಕೈ ಬೆರಳಿಗೆ ಹೋಗೋ ನರದ ಕೋಶಗಳು ಸಾಯ್ತವೆ. ನೋವು ಇರಲ್ಲ, ಅದಕ್ಕೆ ಯಾರಿಗೂ ಗೊತ್ತೇ ಆಗಲ್ಲ.

ನಂಗೆ ಗೊತ್ತಾಗಿದ್ದು 19ನೇ ವಯಸ್ಸಲ್ಲಿ, ಶಿವಮೊಗ್ಗದಲ್ಲಿ ಡಿಗ್ರಿ ಓದ್ಬೇಕಾದ್ರೆ. ಡಿಸೆಂಬರ್ ಬೆಳಿಗ್ಗೆ ಹಾಸ್ಟೆಲಲ್ಲಿ ತಣ್ಣೀರಲ್ಲಿ ಮುಖ ತೊಳ್ಕೊಂಡು ಬಂದು ಅಂಗಿ ಗುಂಡಿ ಹಾಕೋಕೆ ಹೋದ್ರೆ ಬೆರಳು ಬಗ್ತಾನೇ ಇಲ್ಲ. ಹತ್ತು ಗಂಟೆ ಬಿಸಿಲಿಗೆ ಸರಿ ಹೋಗ್ತಿತ್ತು, ಮಾರನೇ ದಿನ ಮತ್ತೆ ಹಾಗೇ. ಚಳಿಗೆ ಬೆರಳು ಸೋಲೋದು ಈ ಕಾಯಿಲೆಯ ಗುರುತು ಅಂತ ಆಮೇಲೆ ತಿಳೀತು. ಮೊದಲು ತೋರಿಸಿದ ಆಸ್ಪತ್ರೆಲಿ ನೆಟ್ಟಗೆ ಮಲಗಿಸಿ ಎಂಆರ್‌ಐ ಮಾಡಿ ಎಲ್ಲಾ ನಾರ್ಮಲ್, ಫೋನ್ ಕಮ್ಮಿ ಮಾಡು ಅಂದು ಕಳಿಸಿದ್ರು. ಕತ್ತು ಬಗ್ಗಿಸಿ ಎಂಆರ್‌ಐ ಮಾಡಿದ್ರೇನೇ ಇದು ಸರಿಯಾಗಿ ಕಾಣೋದು. ಹಾಗೆ ಮಾಡಿಸೋ ಹೊತ್ತಿಗೆ ಒಂದೂವರೆ ವರ್ಷ ಹೋಗಿತ್ತು, ಹೆಬ್ಬೆರಳು ತೋರುಬೆರಳಿನ ಮಧ್ಯ ಉಬ್ಬಿರುತ್ತಲ್ಲ ಮಾಂಸ, ಅದು ಇಳಿದು ಗುಳಿ ಬಿದ್ದಿತ್ತು. ಅಮ್ಮ ಒಂದ್ಸಲ ಬಿಸಿ ಎಣ್ಣೆ ಹಚ್ಚೋವಾಗ ಎಣ್ಣೆ ಆ ಗುಳಿಲಿ ನಿಂತ್ಕೊಂಡಿದ್ದನ್ನ ನೋಡಿ ಏನೂ ಮಾತಾಡ್ದೆ ಎದ್ದು ಒಳಗೆ ಹೋದ್ರು.

ಕತ್ತಿಗೆ ಕಾಲರ್ ಹಾಕಿದ್ರು, ಮೂರು ವರ್ಷ ಹಾಕ್ಕೊಂಡಿದ್ದೆ. ಕಾಯಿಲೆ ನಿಂತಿದೆ. ಹೋಗಿದ್ದು ವಾಪಸ್ ಬರಲ್ಲ.

ಈಗ ಗೇಮ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಿಮಗೆ ಬರೀತಿರೋದೇ ಅದಕ್ಕೆ.

ಆಗ ನಾವು ನಾಲ್ಕು ಜನ ಒಂದು ಸ್ಕ್ವಾಡ್, ಅಂದ್ರೆ ಒಂದೇ ತಂಡವಾಗಿ ಆಡೋರು. ಮೊದಲು ಪಬ್‌ಜಿ ಅನ್ನೋ ಗುಂಡು ಹಾರಿಸೋ ಫೋನ್ ಗೇಮ್, 2020ರಲ್ಲಿ ಅದು ಬ್ಯಾನ್ ಆಗಿ ಆಮೇಲೆ 2021ರಲ್ಲಿ ಅದನ್ನೇ ಭಾರತಕ್ಕೆ ಅಂತ ಮಾಡಿದ ಬಿಜಿಎಂಐ ಬಂದ್ಮೇಲೆ ಅದು. ದಿನಾ ರಾತ್ರಿ ಊಟ ಆದ್ಮೇಲೆ. ಬಲಗೈ ಹೆಬ್ಬೆರಳು ಸೋಲ್ತಾ ಬಂತು, ಗುಂಡು ಹಾರಿಸೋ ಫೈರ್ ಬಟನ್ ಇರೋದು ಬಲಗಡೆ, ಗುರಿನ ಹತ್ರ ಮಾಡಿ ನೋಡೋ ಸ್ಕೋಪ್ ಬಲಗಡೆ, ಜಂಪ್ ಬಲಗಡೆ, ಎಲ್ಲಾ ಬಲಗಡೆ. ಆದ್ರೆ ಆ ಗೇಮಲ್ಲಿ ಒಂದು ಸೆಟ್ಟಿಂಗ್ ಇತ್ತು, ಯಾವ ಬಟನ್ ಬೇಕಾದ್ರೂ ಎಳ್ಕೊಂಡು ಎಲ್ಲಿ ಬೇಕಾದ್ರೂ ಇಡಬಹುದು, ದೊಡ್ಡದು ಮಾಡಬಹುದು. ನಾನು ಫೈರ್ ಬಟನ್‌ನ ಎಡಗಡೆ ಮೇಲಕ್ಕೆ ತಂದೆ, ಎಡಗೈ ತೋರುಬೆರಳಿಗೆ ಸಿಗೋ ಹಾಗೆ. ಎರಡು ತಿಂಗಳಾದ್ಮೇಲೆ ಸ್ಕೋಪ್ ಬಟನ್ ಹಿಂಸೆ ಆಯ್ತು, ಅದನ್ನ ದುಪ್ಪಟ್ಟು ದೊಡ್ಡದು ಮಾಡಿ ಕೆಳಗಿಟ್ಟೆ, ಹೆಬ್ಬೆರಳ ತುದಿ ಬೇಡ, ಬುಡ ತಾಗಿದ್ರೂ ಸಾಕು ಅಂತ. ಗುರಿ ಇಡೋಕೆ ಬೆರಳು ಎಳೆಯೋದು ಕಷ್ಟ ಆದಾಗ ಗೈರೋ ಆನ್ ಮಾಡ್ದೆ, ಫೋನ್ ವಾಲಿಸಿದ್ರೆ ಗುರಿ ಸರಿಯುತ್ತೆ, ಅದಕ್ಕೆ ಬೆರಳೇ ಬೇಡ, ಮಣಿಕಟ್ಟು ಸಾಕು. ಕಾಲರ್ ಹಾಕಿದ್ಮೇಲೆ ಕತ್ತು ಬಗ್ಗಿಸೋ ಹಾಗಿಲ್ವಲ್ಲ, ಎರಡು ದಿಂಬಿನ ಮೇಲೆ ಮೊಣಕೈ ಊರಿ ಫೋನ್‌ನ ಕಣ್ಣಿನ ಮಟ್ಟಕ್ಕೆ ಹಿಡಿದು ಆಡ್ತಿದ್ದೆ. ಒಟ್ಟು ಹನ್ನೊಂದು ಸಲ ಲೇಔಟ್ ಬದಲಾಯಿಸಿದೀನಿ, ಒಂದೊಂದಕ್ಕೂ ಸ್ಕ್ರೀನ್‌ಶಾಟ್ ತೆಗೆದಿಟ್ಟಿದೀನಿ. ಅವನ್ನ ಸಾಲಾಗಿ ನೋಡಿದ್ರೆ ನನ್ನ ಕೈ ಯಾವ ತಿಂಗಳು ಏನು ಕಳ್ಕೊಂತು ಅಂತ ಡಾಕ್ಟರ್ ರಿಪೋರ್ಟ್‌ಗಿಂತ ಚೆನ್ನಾಗಿ ಗೊತ್ತಾಗುತ್ತೆ.

ನೋಡಿ, ಆ ಒಂದು ಸೆಟ್ಟಿಂಗ್‌ನಿಂದ ನಾನು ಸ್ಕ್ವಾಡಲ್ಲಿ ಇನ್ನೂ ಎರಡು ವರ್ಷ ಉಳ್ಕೊಂಡೆ. ಅದನ್ನ ಅಂಗವಿಕಲರಿಗೆ ಅಂತ ಯಾರೂ ಮಾಡಿದ್ದಲ್ಲ, ಚೆನ್ನಾಗಿ ಆಡೋರು ತಮಗೆ ಬೇಕಾದಂಗೆ ಇಟ್ಕೊಳ್ಳಿ ಅಂತ ಕೊಟ್ಟಿದ್ದು. ನಂಗೆ ಅದೇ ಊರುಗೋಲಾಯ್ತು.

ಅದೇ ಸಮಯದಲ್ಲಿ ನಾನು ಬಿಟ್ಟ ಗೇಮ್‌ಗಳ ಲೆಕ್ಕ ಹೇಳಿದ್ರೆ ಇಪ್ಪತ್ತರ ಮೇಲೆ ಇದೆ. ಒಂದರಲ್ಲಿ ಬಟನ್ ಬಲಗಡೆ ಮೂಲೇಲಿ ಚಿಕ್ಕದಾಗಿ, ಸರಿಸೋಕೆ ಆಗಲ್ಲ. ಒಂದರಲ್ಲಿ ಬಾಗಿಲು ತೆಗೆಯೋಕೆ ಬಟನ್‌ನ ಟಕಟಕ ಅಂತ ಒತ್ತುತಾನೇ ಇರ್ಬೇಕು, ಕಥೆ ಎಷ್ಟು ಚೆನ್ನಾಗಿತ್ತು ಅಂದ್ರೆ ಈಗ್ಲೂ ಬೇಜಾರಾಗುತ್ತೆ, ಆ ಬಾಗಿಲ ಹಿಂದೆ ಏನಿತ್ತು ಅಂತ ನಾನು ನೋಡ್ಲೇ ಇಲ್ಲ. ಇನ್ನೊಂದು ನಮ್ಮ ಬೆಂಗಳೂರಿನ ಹುಡುಗ್ರೇ ಮಾಡಿದ್ದು, ತುಂಬಾ ಇಷ್ಟ ಆಗಿತ್ತು, ಅದರಲ್ಲಿ ಓಡೋಕೆ ಬಟನ್ ಹಿಡ್ಕೊಂಡೇ ಇರ್ಬೇಕು, ಒಂದ್ಸಲ ಒತ್ತಿದ್ರೆ ಓಡು ಮತ್ತೆ ಒತ್ತಿದ್ರೆ ನಿಲ್ಲು ಅನ್ನೋ ಆಯ್ಕೆ ಇಲ್ಲ. ಎರಡು ನಿಮಿಷ ಹಿಡ್ಕೊಂಡ್ರೆ ನನ್ನ ಬೆರಳು ನಡುಗೋಕೆ ಶುರು ಆಗುತ್ತೆ, ಹತ್ತು ನಿಮಿಷಕ್ಕೆ ಆ ರಾತ್ರಿ ಊಟದಲ್ಲಿ ಅನ್ನ ಕಲಸೋಕೆ ಆಗಲ್ಲ. ಮೇಲ್ ಹಾಕಿದ್ದೆ, ಮುಂದಿನ ಅಪ್‌ಡೇಟಲ್ಲಿ ನೋಡ್ತೀವಿ ಅಂದ್ರು, ಆಮೇಲೆ ಆ ಗೇಮಿಗೆ ಅಪ್‌ಡೇಟೇ ಬರ್ಲಿಲ್ಲ. ಅವ್ರನ್ನ ದೂರೋಕೆ ಹೇಳ್ತಿಲ್ಲ, ಅವ್ರಿಗೆ ದುಡ್ಡು ಸಾಲ್ಲಿಲ್ಲ ಅಂತ ನಂಗೆ ಗೊತ್ತು. ಮೊದಲನೇ ದಿನವೇ ಆ ಆಯ್ಕೆ ಇಟ್ಟಿದ್ರೆ ಖರ್ಚೇ ಇರ್ತಿರ್ಲಿಲ್ಲ ಅನ್ನೋದಷ್ಟೇ ನನ್ನ ಮಾತು.

ನಿಮ್ಮಲ್ಲಿ ತುಂಬಾ ಜನ ಗೇಮ್ ಮಾಡೋ ಸಾಫ್ಟ್‌ವೇರ್ ಯುನಿಟಿಲಿ ಕೆಲಸ ಮಾಡ್ತೀರ. ಯುನಿಟಿಯ ಹೊಸ ಇನ್‌ಪುಟ್ ಸಿಸ್ಟಮಲ್ಲಿ ಆಡೋರೇ ಬಟನ್ ಬದಲಾಯಿಸ್ಕೊಳ್ಳೋ ರೀಬೈಂಡಿಂಗ್ ಅನ್ನೋದು ಆಗಲೇ ಇದೆ, ಅದೇ ತರದ ಇನ್ನೊಂದು ಸಾಫ್ಟ್‌ವೇರ್ ಅನ್ರಿಯಲ್‌ನಲ್ಲೂ ಇದೆ. ನೀವು ಹೊಸದಾಗಿ ಕಂಡುಹಿಡಿಯೋದೇನಿಲ್ಲ, ಮೆನುವಿನಲ್ಲಿ ಒಂದು ಪೇಜ್ ಕೊಡ್ಬೇಕು. ಕೋಡಲ್ಲಿ ಇಂಥ ಕೀ ಒತ್ತಿದ್ರೆ ಗುಂಡು ಹಾರ್ಲಿ ಅಂತ ನೇರವಾಗಿ ಬರೆದು ಕೂರಿಸಿಬಿಟ್ರೆ ಆಮೇಲೆ ಬಿಚ್ಚೋದು ನಿಜವಾಗ್ಲೂ ತಲೆನೋವು, ಆದ್ರೆ ಫೈರ್ ಅನ್ನೋದು ಒಂದು ಕೆಲಸ, ಅದನ್ನ ಯಾವ ಬಟನ್ ಮಾಡ್ಬೇಕು ಅನ್ನೋದು ಬೇರೆ ಅಂತ ಮೊದಲೇ ಬಿಡಿಸಿ ಇಟ್ರೆ ಸುಲಭ.

ಕೆಲವ್ರು ಹೇಳ್ತಾರೆ, ಅದಕ್ಕೇ ಅಂತ ಸ್ಪೆಷಲ್ ಕಂಟ್ರೋಲರ್, ಅಂದ್ರೆ ಗೇಮ್ ಆಡೋಕೆ ಬಟನ್ ಇರೋ ಸಾಧನ, ಬಂದಿದ್ಯಲ್ಲ, ತಗೋ ಅಂತ. ಬಂದಿದೆ, ನಂಗೂ ಅದನ್ನ ಮಾಡಿದೋರ ಮೇಲೆ ತುಂಬಾ ಗೌರವ ಇದೆ. ಮೈಕ್ರೋಸಾಫ್ಟ್‌ನವ್ರು 2018ರಲ್ಲಿ ತಮ್ಮ ಗೇಮ್ ಮಷೀನ್ ಎಕ್ಸ್‌ಬಾಕ್ಸಿಗೆ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂದ್ರು. ಮೇಲೆ ಅಂಗೈಯಷ್ಟಗಲದ ಎರಡು ದೊಡ್ಡ ಕಪ್ಪು ಬಟನ್, ಹಿಂದೆ ಸಾಲಾಗಿ 19 ತೂತು, ನಮ್ಮ ಹಳೇ ಇಯರ್‌ಫೋನ್ ಪಿನ್ ಹೋಗೋ 3.5 ಎಂಎಂ ಜಾಕ್. ಒಂದೊಂದು ತೂತಿಗೂ ಒಂದೊಂದು ಬಟನ್ ಸಿಕ್ಕಿಸಿ ಕಾಲಡಿ ಇಡಬಹುದು, ಮೊಣಕೈ ಹತ್ರ ಇಡಬಹುದು, ತಲೆ ಪಕ್ಕ ಇಡಬಹುದು. ಸೋನಿಯವ್ರು ತಮ್ಮ ಗೇಮ್ ಮಷೀನ್ ಪಿಎಸ್‌5ಗೆ ಆಕ್ಸೆಸ್ ಕಂಟ್ರೋಲರ್ ಅಂತ 2023ರ ಡಿಸೆಂಬರಲ್ಲಿ ತಂದ್ರು, ದುಂಡಗೆ, ಸುತ್ತ ಬಟನ್ನು, ಅದರ ಟೋಪಿಗಳನ್ನ ಬಿಚ್ಚಿ ಬೇರೆ ಆಕಾರದ್ದು ಹಾಕ್ಕೋಬಹುದು. ಕೈಯೇ ಆಡದೆ ಇರೋರಿಗೆ ಬಾಯಲ್ಲಿ ಊದಿ, ಎಳೆದು, ತುಟಿಯಲ್ಲಿ ತಳ್ಳಿ ಆಡೋ ಕ್ವಾಡ್‌ಸ್ಟಿಕ್ ಇದೆ. ಇಂಗ್ಲೆಂಡಿನ ಸ್ಪೆಷಲ್‌ಎಫೆಕ್ಟ್ ಅನ್ನೋ ಸಂಸ್ಥೆಯವ್ರು ಒಬ್ಬೊಬ್ಬರ ಕೈ ಕಾಲು ನೋಡಿ ಅವರಿಗೆ ತಕ್ಕಂಗೆ ಹೊಂದಿಸಿಕೊಡ್ತಾರೆ, ಬರೀ ಕಣ್ಣಿನ ನೋಟದಲ್ಲೇ ಮೈನ್‌ಕ್ರಾಫ್ಟ್ ಅನ್ನೋ ಗೇಮ್ ಆಡೋ ಸಾಫ್ಟ್‌ವೇರ್ ಕೂಡ ಮಾಡಿದ್ದಾರೆ. ಇವೆಲ್ಲ ಓದ್ತಾ ಓದ್ತಾ ಎಷ್ಟೋ ರಾತ್ರಿ ನಿದ್ದೆ ಬಿಟ್ಟಿದೀನಿ.

ಆದ್ರೆ ಆ ಎಕ್ಸ್‌ಬಾಕ್ಸ್ ಕಂಟ್ರೋಲರ್ 2018ರಲ್ಲಿ ಬಂದಾಗ ಅಮೆರಿಕದಲ್ಲೇ ನೂರು ಡಾಲರ್ ಇತ್ತು, ಅದಕ್ಕೆ ಸಿಕ್ಕಿಸೋ ಸ್ವಿಚ್‌ಗಳಿಗೆ ಬೇರೆ ದುಡ್ಡು. ಅದನ್ನ ಮಾಡಿರೋದು ಎಕ್ಸ್‌ಬಾಕ್ಸಿಗೆ, ವಿಂಡೋಸ್ ಕಂಪ್ಯೂಟರಿಗೆ. ನಮ್ಮಲ್ಲಿ ಜನ ಆಡೋದು ಫೋನಲ್ಲಿ. ಫೋನ್ ಗೇಮ್ ಗ್ಲಾಸ್ ಮೇಲಿನ ಬೆರಳಿಗೆ ಮಾತ್ರ ಕಿವಿಗೊಡುತ್ತೆ ಅಂದ್ರೆ ಲಕ್ಷ ರೂಪಾಯಿ ಕಂಟ್ರೋಲರ್ ಇದ್ರೂ ಕೆಲಸಕ್ಕೆ ಬರಲ್ಲ. ಅದಕ್ಕೇ ನಾನು ಮೊದಲು ಗೇಮ್ ಮಾಡೋರ ಹತ್ರ ಬಂದಿರೋದು, ಕಂಟ್ರೋಲರ್ ಮಾರೋರ ಹತ್ರ ಅಲ್ಲ.

ನಂದೇ ಒಂದು ಮಾಡ್ಕೊಂಡಿದೀನಿ, ಅದರ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾರಿಗಾದ್ರೂ ಉಪಯೋಗ ಆಗಬಹುದು. ಸ್ವಿಚ್ ಅಂದ್ರೆ ಬೇರೇನಲ್ಲ, ಎರಡು ತಂತಿ, ಒತ್ತಿದಾಗ ಒಂದಕ್ಕೊಂದು ತಾಗುತ್ತೆ, ಬಿಟ್ರೆ ಬಿಡುತ್ತೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಲ್ಲಿ ಹಳೇ ವಿಡಿಯೋಗೇಮ್ ಮಷೀನಿಗೆ ಹಾಕೋ ದೊಡ್ಡ ಬಣ್ಣದ ಬಟನ್ ಸಿಗುತ್ತೆ, ಮೂರು ತಗೊಂಡೆ. ಪ್ರೊ ಮೈಕ್ರೋ ಅಂತ ಹೆಬ್ಬೆರಳಷ್ಟು ಉದ್ದದ ಬೋರ್ಡು ಒಂದು, ಅದನ್ನ ಕಂಪ್ಯೂಟರಿಗೆ ಸಿಕ್ಕಿಸಿದ್ರೆ ಕಂಪ್ಯೂಟರ್ ಅದನ್ನ ಕೀಬೋರ್ಡ್ ಅಂತಾನೇ ತಿಳ್ಕೊಳ್ಳುತ್ತೆ. ನಂಗೆ ಸಾಲ್ಡರಿಂಗ್ ಮಾಡೋಕೆ ಕೈ ನಿಲ್ಲಲ್ಲ, ಅಂಗಡಿ ಹುಡುಗನೇ ಏನಕ್ಕೆ ಅಂತ ಕೇಳಿ, ಕೈ ನೋಡಿ, ಅಲ್ಲೇ ಕೂರಿಸ್ಕೊಂಡು ಮಾಡಿಕೊಟ್ಟ, ಅದಕ್ಕೆ ದುಡ್ಡು ತಗೊಳ್ಲಿಲ್ಲ. ಎಲ್ಲಾ ಸೇರಿ 1,200 ರೂಪಾಯಿ ದಾಟ್ಲಿಲ್ಲ. ಊರಿಗೆ ತಗೊಂಡೋದಾಗ ಅಪ್ಪ ಒಂದು ಹಲಸಿನ ಹಲಗೆಗೆ ತೂತು ಕೊರೆದು ಮೂರೂ ಬಟನ್ ಕೂರಿಸಿದ್ರು. ಮೊದಲು ನೆಲಕ್ಕೆ ಚಪ್ಪಟೆಯಾಗಿ ಮಾಡಿದ್ರು, ಅರ್ಧ ಗಂಟೆ ಆಡೋದ್ರೊಳಗೆ ಪಾದ ಎತ್ತಿ ಎತ್ತಿ ಮೊಣಕಾಲ ಕೆಳಗೆ ನೋವು. ಅಪ್ಪ ಪಕ್ಕದಲ್ಲೇ ಕೂತು ನೋಡ್ತಿದ್ರು, ಏನೂ ಹೇಳ್ದೆ ಎದ್ದೋಗಿ ಹಲಗೆ ಹಿಂದೆ ಒಂದು ಬೆಣೆ ಹೊಡೆದು ಇಳಿಜಾರು ಮಾಡಿದ್ರು, ಹಿಮ್ಮಡಿ ಊರಿಕೊಂಡೇ ಬೆರಳಲ್ಲಿ ಒತ್ತೋ ಹಾಗೆ. ಈಗ ಎಷ್ಟೊತ್ತು ಬೇಕಾದ್ರೂ ಆಡ್ತೀನಿ. ಅಪ್ಪ ಜೀವನದಲ್ಲಿ ಒಂದು ಗೇಮೂ ಆಡಿದೋರಲ್ಲ.

ಈ ಹಲಗೆ ವಿಷಯದಲ್ಲೇ ಒಂದು ಕಹಿ ಅನುಭವ ಇದೆ. ಒಂದು ಆನ್‌ಲೈನ್ ಗೇಮಲ್ಲಿ, ಹೆಸರು ಬೇಡ, ನನ್ನ ಬೋರ್ಡನ್ನ ಚೀಟಿಂಗ್ ಸಾಧನ ಅಂತ ಹಿಡಿದು ಅಕೌಂಟ್ ಬ್ಲಾಕ್ ಮಾಡಿದ್ರು. ಕೈ ಫೋಟೋ ಕಳಿಸ್ದೆ, ಡಾಕ್ಟರ್ ಚೀಟಿ ಕಳಿಸ್ದೆ, ಮೂರು ಸಲವೂ ಒಂದೇ ರೆಡಿಮೇಡ್ ಉತ್ತರ ಬಂತು. ಚೀಟಿಂಗ್ ನಿಮಗೆ ದೊಡ್ಡ ತಲೆನೋವು ಅಂತ ಗೊತ್ತು, ನಂಗೂ ಚೀಟರ್‌ಗಳನ್ನ ಕಂಡ್ರೆ ಆಗಲ್ಲ. ಆದ್ರೆ ಒಂದು ಬಟನ್ ಒತ್ತಿದ್ರೆ ಬಂದೂಕಿನ ಒದೆತ ತಾನಾಗೇ ಸರಿ ಮಾಡಿ ಹತ್ತು ಕೆಲಸ ಮಾಡೋ ಮ್ಯಾಕ್ರೋ ಬೇರೆ, ಕೈಯಿಂದ ಆಗೋ ಒಂದು ಒತ್ತನ್ನ ಕಾಲಿಂದ ಮಾಡೋದು ಬೇರೆ. ಒಂದು ಒತ್ತಿಗೆ ಒಂದೇ ಕೆಲಸ ಆಗ್ತಿದ್ಯಾ ಅಂತ ನೋಡೋಕೆ ನಿಮಗೆ ಬರುತ್ತೆ, ಬರದೇ ಇರೋದಲ್ಲ. ಬ್ಲಾಕ್ ಮಾಡಿದ್ಮೇಲೆ ಕನಿಷ್ಠ ಒಬ್ಬ ಮನುಷ್ಯ ಓದೋ ಹಾಗೆ ಒಂದು ದಾರಿ ಇಡಿ.

ನಿಲ್ಲೋ ಕಾಯಿಲೆ ನಂದು. ಎಲ್ರದ್ದೂ ಹಾಗಲ್ಲ.

ಫಿಸಿಯೋಥೆರಪಿಗೆ ಹೋಗೋ ಕಡೆ ಬೆಂಚಲ್ಲಿ ಒಬ್ಬ ಹುಡುಗ ಸಿಕ್ತಿದ್ದ, ಹದಿನಾಲ್ಕು ಹದಿನೈದು ವಯಸ್ಸು, ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ, ವೀಲ್‌ಚೇರು. ಗಂಡುಮಕ್ಕಳಿಗೇ ಜಾಸ್ತಿ ಬರೋ ಕಾಯಿಲೆ, ಸ್ನಾಯುಗೆ ಬೇಕಾದ ಡಿಸ್ಟ್ರೋಫಿನ್ ಅನ್ನೋ ಪ್ರೋಟೀನೇ ದೇಹ ಮಾಡಲ್ಲ. ಮೊದಲು ತೊಡೆ, ಸೊಂಟ, ಆಮೇಲೆ ಭುಜ, ತೋಳು, ಕೊನೆಗೆ ಉಳಿಯೋದು ಬೆರಳು. ಅವನಿಗೆ ಕೈ ಎತ್ತೋಕೆ ಆಗಲ್ಲ, ಬೆರಳು ಆಡುತ್ತೆ. ಅವರಮ್ಮ ವೀಲ್‌ಚೇರಿನ ಟ್ರೇ ಮೇಲೆ ಫೋನ್ ಇಟ್ಟು, ಒಂದು ಕರ್ಚೀಫ್ ಮಡಚಿ ಮಣಿಕಟ್ಟಿನ ಕೆಳಗೆ ಇಟ್ಟು, ಮಗನ ಕೈನ ಎತ್ತಿ ಅದರ ಮೇಲೆ ಕೂರಿಸ್ತಿದ್ರು, ಹೆಬ್ಬೆರಳು ಸರಿಯಾಗಿ ಬಟನ್ ಮೇಲೆ ಬರೋ ಹಾಗೆ. ಸ್ವಲ್ಪ ಈ ಕಡೆ ಅಮ್ಮಾ, ಇನ್ನೊಂಚೂರು, ಹಾಂ ಸಾಕು, ಅಂತಿದ್ದ. ಕಾರ್ ರೇಸ್ ಆಡ್ತಿದ್ದ, ಒಂದೇ ಹೆಬ್ಬೆರಳಲ್ಲಿ. ಅಣ್ಣಾ, ಇದ್ರಲ್ಲಿ ಆಕ್ಸಿಲರೇಟರ್ ತಾನೇ ಹೋಗುತ್ತೆ, ಬ್ರೇಕೂ ಆಟೋ ಹಾಕಿದೀನಿ, ನಾನು ತಿರುಗಿಸೋದು ಮಾತ್ರ, ಅಂದ. ಮತ್ತೆ ಹೇಳ್ದ, ಹೋದ ವರ್ಷ ಎರಡು ಹೆಬ್ಬೆರಳಲ್ಲಿ ಆಡ್ತಿದ್ದೆ. ಬೇಜಾರಲ್ಲಿ ಹೇಳಿದ್ದಲ್ಲ, ಸ್ಕೋರ್ ಹೇಳೋ ತರ ಹೇಳ್ದ.

ನಾರ್ವೆಯ ಮಾಟ್ಸ್ ಸ್ಟೀನ್ ಅನ್ನೋ ಹುಡುಗನಿಗೂ ಇದೇ ಕಾಯಿಲೆ ಇತ್ತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಗೇಮ್ ಆಡ್ತಿದ್ದ, 2014ರಲ್ಲಿ 25ನೇ ವಯಸ್ಸಲ್ಲಿ ತೀರ್ಕೊಂಡ. ಅವನಿಗೆ ಸ್ನೇಹಿತರೇ ಇಲ್ಲ, ಒಂಟಿಯಾಗೇ ಹೋದ ಅಂತ ಅಪ್ಪ ಅಮ್ಮ ಅನ್ಕೊಂಡಿದ್ರು. ಅವನು ತೀರ್ಕೊಂಡ ಸುದ್ದಿನ ಅವನ ಬ್ಲಾಗಲ್ಲಿ ಹಾಕಿದ್ಮೇಲೆ ಬೇರೆ ಬೇರೆ ದೇಶದಿಂದ ಮೇಲ್ ಬರೋಕೆ ಶುರು ಆಯ್ತು, ಜೊತೆಲಿ ಆಡ್ತಿದ್ದೋರಲ್ಲಿ ಕೆಲವ್ರು ಅಂತ್ಯಕ್ರಿಯೆಗೇ ಬಂದ್ರು. ಇದನ್ನ ನಾನು ಆ ಹುಡುಗನಿಗೆ ಹೇಳಿಲ್ಲ, ಅವರಮ್ಮನಿಗೆ ಹೇಳ್ದೆ. ಗೇಮ್ ಬಿಡಿಸ್ಬೇಕಾ ಅಂತ ಯೋಚ್ನೆ ಮಾಡ್ತಿದ್ರು ಅವ್ರು.

ನಮ್ಮ ಚಿಕ್ಕಪ್ಪ ಕೇಳ್ತಾರೆ, ಕೈಯೇ ಹೋಗ್ತಿದ್ರೆ ನಿಂಗೆ ಗೇಮ್ ಚಿಂತೆಯಾ ಅಂತ. ಚಿಕ್ಕಪ್ಪನ ತರ ಯೋಚ್ನೆ ಮಾಡೋ ಅಧಿಕಾರಿಗಳೂ ಇರಬಹುದು, ಅದಕ್ಕೆ ಉತ್ತರ ಇಲ್ಲೇ ಹೇಳ್ತೀನಿ. ನಾನು ಕಾಲಲ್ಲಿ ಬಟನ್ ಒತ್ತೋದು ಕಲಿತಿದ್ದು ಗೇಮಿಗೆ. ಈಗ ಆಫೀಸಲ್ಲಿ ಅದೇ ಹಲಗೆ ಟೇಬಲ್ ಕೆಳಗಿದೆ, ಒಂದು ಬಟನ್ ಎಂಟರ್, ಒಂದು ಶಿಫ್ಟ್, ಒಂದು ಮೌಸ್ ಕ್ಲಿಕ್. ಜಿಎಸ್‌ಟಿ ರಿಟರ್ನ್ ತುಂಬೋದು ಅದರಲ್ಲೇ. ಕೆಲಸಕ್ಕೆ ಅಂತ ಕಲಿ ಅಂದಿದ್ರೆ ಒಂದು ವಾರಕ್ಕೆ ಬಿಡ್ತಿದ್ದೆ, ಆಟ ಆದ್ರಿಂದ ದಿನಾ ಎರಡು ಗಂಟೆ ತಾನಾಗೇ ಅಭ್ಯಾಸ ಆಯ್ತು. ಅಷ್ಟೇ ಅಲ್ಲ, ಕೆಲಸಕ್ಕೆ ಉಪಯೋಗ ಆಗ್ದೇ ಇದ್ರೂ ನಂಗೆ ಆಟ ಬೇಕು. ಸ್ನೇಹಿತರ ಜೊತೆ ರಾತ್ರಿ ಒಂದು ಗಂಟೆ ನಗೋದು ನಿಮಗೆ ಬೇಕಾದಷ್ಟೇ ನಂಗೂ ಬೇಕು.

ಸರ್ಕಾರದವ್ರಿಗೆ ಎರಡು ಮಾತು. ದೇಶದಲ್ಲೇ ಮೊದಲು 2012ರಲ್ಲಿ ಅನಿಮೇಶನ್, ಗೇಮಿಂಗ್‌ಗೆ ಅಂತ ಪಾಲಿಸಿ ತಂದಿದ್ದು ಕರ್ನಾಟಕ, ಈಗ ಅನಿಮೇಶನ್, ಗೇಮಿಂಗ್, ಕಾಮಿಕ್ಸ್ ಎಲ್ಲಾ ಸೇರಿದ 2024ರಿಂದ 2029ರವರೆಗಿನ ಎವಿಜಿಸಿ-ಎಕ್ಸ್‌ಆರ್ ಪಾಲಿಸಿ ನಡೀತಿದೆ. ಹೆಮ್ಮೆ ಇದೆ. ಆ ಪಾಲಿಸಿಯಲ್ಲಿ ಸ್ಟುಡಿಯೋಗೆ ಸಹಾಯ ಕೊಡೋವಾಗ ಮೂರೇ ಮೂರು ಷರತ್ತು ಸೇರಿಸಿ: ಗೇಮಲ್ಲಿ ಬಟನ್ ಬದಲಾಯಿಸೋಕೆ ಆಗ್ಬೇಕು, ಹಿಡ್ಕೊಳ್ಳೋ ಬದ್ಲು ಒಂದ್ಸಲ ಒತ್ತೋ ಆಯ್ಕೆ ಇರ್ಬೇಕು, ಹೊರಗಿನ ಸ್ವಿಚ್ಚು ಕೀಬೋರ್ಡು ಕೇಳಿಸ್ಕೋಬೇಕು. ಇದು ನಾನು ಬೇಡ್ತಿರೋದಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 29ನೇ ಸೆಕ್ಷನ್ ಓದಿ, ಮನರಂಜನೆಯಲ್ಲಿ ಎಲ್ಲರ ಸಮ ಭಾಗವಹಿಸೋ ಹಕ್ಕು, ಅದಕ್ಕೆ ಬೇಕಾದ ತಂತ್ರಜ್ಞಾನ, ಸಾಧನ ಬೆಳೆಸೋದು ಸರ್ಕಾರದ ಕೆಲಸ ಅಂತ ಅದರಲ್ಲೇ ಇದೆ. 2022ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್‌ನ, ಅಂದ್ರೆ ವಿಡಿಯೋಗೇಮ್ ಪಂದ್ಯಗಳನ್ನ, ಕ್ರೀಡೆ ಅಂತ ಒಪ್ಕೊಂಡಿದೆ, ಅಂದ್ಮೇಲೆ ಇದು ಬರೀ ಟೈಮ್‌ಪಾಸ್ ಅನ್ನೋ ಮಾತೂ ನಿಲ್ಲಲ್ಲ. ಇನ್ನೊಂದು, ಅಂಗವೈಕಲ್ಯದ ಸರ್ಟಿಫಿಕೇಟ್. ಸೌಲಭ್ಯ ಜಾಸ್ತಿ ಎಲ್ಲಾ 40 ಪರ್ಸೆಂಟ್ ವೈಕಲ್ಯ ಇದ್ದೋರಿಗೆ. ನಂಗೆ ಕೊಟ್ಟಿದ್ದು ಅದಕ್ಕಿಂತ ಕಮ್ಮಿ, ಒಂದೇ ಕೈಯಲ್ವ ಅಂದ್ರು. ಕೈ ಕಳ್ಕೊಳ್ತಾ ಇರೋ ವರ್ಷಗಳಲ್ಲೇ ಸಾಧನ ಜಾಸ್ತಿ ಬೇಕು, ಆಗ ಪರ್ಸೆಂಟ್ ಸಾಲಲ್ಲ. ಜಿಲ್ಲೆಗೊಂದು ಕಡೆ ನಾಲ್ಕು ಸ್ವಿಚ್ಚು, ಒಂದು ಅಡಾಪ್ಟಿವ್ ಕಂಟ್ರೋಲರ್ ಇಟ್ಟು, ಪರ್ಸೆಂಟ್ ಕೇಳ್ದೆ ಬಂದೋರಿಗೆ ಮುಟ್ಟಿ ನೋಡೋಕೆ ಬಿಟ್ರೂ ದೊಡ್ಡ ಉಪಕಾರ.

ಮತ್ತೆ ಗೇಮ್ ಮಾಡೋರಿಗೆ. 2025ರ ಮಾರ್ಚಲ್ಲಿ ಕೆಲವು ದೊಡ್ಡ ಗೇಮ್ ಕಂಪನಿಗಳು ಸೇರಿ ಗೇಮ್ ಮೇಲೆ ಹಾಕೋಕೆ 24 ಟ್ಯಾಗ್ ಮಾಡಿದ್ರು, ಬಟನ್ ಹಿಡ್ಕೊಳ್ದೆ ಆಡಬಹುದು, ಟಕಟಕ ಒತ್ತದೆ ಆಡಬಹುದು, ಇಂಥವನ್ನ ದುಡ್ಡು ಕೊಡೋಕೆ ಮುಂಚೇನೇ ನೋಡ್ಕೊಳ್ಳೋ ಹಾಗೆ. ನೀವು ಟ್ಯಾಗ್ ಹಾಕ್ದೇ ಇದ್ರೂ ಪರ್ವಾಗಿಲ್ಲ, ಸ್ಟೋರಿನ ವಿವರಣೆಯಲ್ಲಿ ಕನ್ನಡದಲ್ಲಿ ಒಂದು ಸಾಲು ಬರೀರಿ, ಬಟನ್ ಬದಲಾಯಿಸಬಹುದು ಅಂತ. ಗೂಗಲ್‌ನವ್ರು ಮುಖದ ಚಲನೆಯಲ್ಲೇ ಕರ್ಸರ್ ನಡೆಸೋ ಗೇಮ್‌ಫೇಸ್ ಅನ್ನೋದರ ಕೋಡ್ ಎಲ್ರಿಗೂ ಬಿಟ್ಟುಕೊಟ್ಟಿದ್ದಾರೆ, 2024ರಲ್ಲಿ ಆಂಡ್ರಾಯ್ಡ್‌ಗೂ ಬಂತು, ಅದನ್ನೂ ಒಮ್ಮೆ ನಿಮ್ಮ ಗೇಮ್ ಜೊತೆ ಹಾಕಿ ನೋಡಿ. ಗೇಮ್ ಪೂರ್ತಿ ಮುಗಿದ್ಮೇಲೆ ಅಲ್ಲ, ಇನ್ನೂ ಚಿತ್ರ ಹಾಕ್ದೆ ಬರೀ ಡಬ್ಬಿಗಳು ಓಡಾಡ್ತಿರೋ ಹಂತದಲ್ಲೇ.

ಟೆಸ್ಟ್ ಮಾಡೋಕೆ ಜನ ಸಿಗಲ್ಲ ಅಂದ್ರೆ ನಾನಿದೀನಿ. ಹಲಗೆ ತಗೊಂಡು ನಿಮ್ಮ ಆಫೀಸಿಗೇ ಬರ್ತೀನಿ, ಯಾವ ಶನಿವಾರ ಆದ್ರೂ ಸರಿ, ದುಡ್ಡು ಬೇಡ. ಆ ಹುಡುಗನ ಅಮ್ಮನ್ನೂ ಕೇಳಿದೀನಿ, ಲಿಫ್ಟ್ ಇದ್ರೆ ಅವನನ್ನ ಕರ್ಕೊಂಡು ಬರ್ತೀನಿ ಅಂದಿದ್ದಾರೆ. ಡಿಸೆಂಬರ್ ಜನವರಿಯಲ್ಲಿ ಮಾತ್ರ ಹನ್ನೊಂದು ಗಂಟೆ ಮೇಲೆ ಇಟ್ಕೊಳ್ಳಿ, ಅದಕ್ಕೆ ಮುಂಚೆ ಚಳಿಗೆ ನನ್ನ ಬೆರಳು ಬರಲ್ಲ. ಎಸಿ ಇದ್ರೆ ಆ ಒಂದು ರೂಮಿಂದು ಆಫ್ ಮಾಡಿ.

ಇಂತಿ,
ತೀರ್ಥಹಳ್ಳಿ ಕಡೆಯ ಒಬ್ಬ ಗೇಮರ್